ಚುರುಕು ಕಾರು, ಹಳೆಯ ಮಾಲೀಕ, ನಮ್ಮ ರಸ್ತೆ: ದಾವಣಗೆರೆ–ಚಿತ್ರದುರ್ಗದವರಿಗೆ ಸೆಕೆಂಡ್ ಹ್ಯಾಂಡ್ ಹೋಲಿಕೆ

ಚುರುಕಾದ ಸಣ್ಣ ಕಾರನ್ನು ಹಳೆಯದಾಗಿ ಕೊಳ್ಳುವವರು ಅದರ ಜೊತೆಗೆ ಹಿಂದಿನ ಮಾಲೀಕನ ಬಲಗಾಲನ್ನೂ ಕೊಂಡಿರುತ್ತಾರೆ. ಆಲ್ಟೊ, ವ್ಯಾಗನ್ ಆರ್ ಥರದ ಕಾರುಗಳನ್ನು ಯಾರು ಓಡಿಸಿದರೂ ಹೆಚ್ಚುಕಡಿಮೆ ಒಂದೇ ರೀತಿ ಓಡಿಸಿರುತ್ತಾರೆ. ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಹ್ಯಾಚ್‌ಬ್ಯಾಕ್ ಹಾಗಲ್ಲ. ಒಬ್ಬರ ಕೈಯಲ್ಲಿ ಒಂದು ಲಕ್ಷ ಕಿಲೋಮೀಟರ್ ಓಡಿಯೂ ಗಟ್ಟಿಮುಟ್ಟಾಗಿರುತ್ತದೆ, ಇನ್ನೊಬ್ಬರ ಕೈಯಲ್ಲಿ ಮೂವತ್ತು ಸಾವಿರಕ್ಕೇ ಬಸವಳಿದಿರುತ್ತದೆ. ಆದ್ದರಿಂದ ಯಾವ ಕಾರು ಎಂದು ಕೇಳುವ ಜೊತೆಗೇ ಯಾರ ಕಾರು ಎಂದೂ ಕೇಳಬೇಕು. ನಮ್ಮ ಭಾಗದವರು ಕೇಳಲೇಬೇಕಾದ ಮೂರನೆಯದೂ ಒಂದಿದೆ: ಕೆಟ್ಟರೆ ಇಲ್ಲಿ ಯಾರು ಸರಿಮಾಡುತ್ತಾರೆ?

ದಾವಣಗೆರೆಯಲ್ಲಿ ಕಾರು ಇಟ್ಟುಕೊಂಡವರಿಗೆ ರಸ್ತೆಗಳು ಎರಡೇ ಬಗೆ. ಒಂದು ರಾಷ್ಟ್ರೀಯ ಹೆದ್ದಾರಿ 48. ಹೆಬ್ಬಾಳು ಟೋಲ್ ದಾಟಿದರೆ ಚಿತ್ರದುರ್ಗ, ಮುಂದೆ ಹಿರಿಯೂರು, ಸಿರಾ, ಬೆಂಗಳೂರು. ಇತ್ತ ಹರಿಹರ, ರಾಣೆಬೆನ್ನೂರು, ಹುಬ್ಬಳ್ಳಿ. ಇಲ್ಲಿ ಟರ್ಬೊ ಕಾರಿನ ಸುಖವೇ ಬೇರೆ. ಲಾರಿ ಹಿಂದಿಕ್ಕಲು ಗೇರ್ ಇಳಿಸುವ ಗೊಡವೆಯೂ ಇರುವುದಿಲ್ಲ. ಇನ್ನೊಂದು ಬಗೆಯವು ಜಗಳೂರು, ಚನ್ನಗಿರಿ, ಹೊಳಲ್ಕೆರೆ ಕಡೆಯ ಒಳರಸ್ತೆಗಳು. ಪ್ರತಿ ಊರಿನ ಬಾಗಿಲಲ್ಲಿ ಅಳತೆ ಇಲ್ಲದ ಉಬ್ಬು, ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಹರವಿದ ಮೆಕ್ಕೆಜೋಳ, ಮಳೆಗಾಲದ ನಂತರ ಅಂಚು ಕಿತ್ತುಹೋದ ಡಾಂಬರು. ನಿಮ್ಮ ಓಡಾಟದಲ್ಲಿ ಯಾವ ಬಗೆಯ ರಸ್ತೆ ಹೆಚ್ಚು ಎಂಬುದರ ಮೇಲೆ ಅರ್ಧ ತೀರ್ಮಾನ ಆಗಿಹೋಗುತ್ತದೆ.

ಟೈರಿನ ಲೆಕ್ಕವನ್ನೇ ನೋಡಿ. ಬಲೆನೊ ಆರ್‌ಎಸ್, ಐ20 ಎನ್ ಲೈನ್, ಅಬಾರ್ತ್ ಪುಂಟೊ ಮೂರಕ್ಕೂ 195/55 ಆರ್16 ಅಳತೆಯ ಟೈರು. ಟೈರಿನ ಅಗಲ 195 ಮಿಲಿಮೀಟರ್; ಅದರಲ್ಲಿ ಶೇಕಡಾ 55 ಎಂದರೆ ರಿಮ್ಮಿಗೂ ರಸ್ತೆಗೂ ನಡುವೆ ಇರುವ ರಬ್ಬರಿನ ಎತ್ತರ ಸುಮಾರು 107 ಮಿಲಿಮೀಟರ್. ಸಾಮಾನ್ಯ ಸ್ವಿಫ್ಟ್‌ನ 165/80 ಆರ್14 ಟೈರಿನಲ್ಲಿ ಅದು 132. ಈ ಒಂದು ಅಂಗುಲದ ವ್ಯತ್ಯಾಸ ಹೆದ್ದಾರಿಯ ತಿರುವಿನಲ್ಲಿ ಹಿತ, ಗುಂಡಿಗೆ ಬಿದ್ದಾಗ ದುಬಾರಿ. ನೋಡಲು ಹೋದ ಕಾರಿನ ಅಲಾಯ್ ಚಕ್ರಗಳ ಒಳಅಂಚಿಗೆ ಟಾರ್ಚ್ ಹಾಕಿ ಬೆರಳಾಡಿಸಿ ನೋಡಿ. ಹೊರಮೈ ಹೊಳೆಯುತ್ತಿದ್ದರೂ ಒಳಅಂಚು ನೆಗ್ಗಿರುವ ಕಾರುಗಳು ಬೇಕಾದಷ್ಟಿವೆ.

ಯಾವ ಕಾರು

ಸ್ವಿಫ್ಟ್‌ನಿಂದಲೇ ಶುರು ಮಾಡೋಣ, ಏಕೆಂದರೆ ಉಳಿದವನ್ನೆಲ್ಲ ಅದರ ಪಕ್ಕದಲ್ಲಿಟ್ಟೇ ಅಳೆಯಬೇಕು. 2005ರಲ್ಲಿ ಬಂದದ್ದು, ಎರಡನೆಯ ಪೀಳಿಗೆ 2011ರಲ್ಲಿ, ಮೂರನೆಯದು 2018ರಲ್ಲಿ. ಕಾಗದದ ಮೇಲೆ ಇದು ಸ್ಪೋರ್ಟ್ಸ್ ಕಾರೇ ಅಲ್ಲ: ಮೂರನೆಯ ಪೀಳಿಗೆ ಬಂದಾಗ ಅದರ 1.2 ಪೆಟ್ರೋಲ್ ಇಂಜಿನ್ನಿಗೆ ಇದ್ದದ್ದು 83 ಪಿಎಸ್ (ಹೆಚ್ಚುಕಡಿಮೆ ಅಷ್ಟೇ ಕುದುರೆ ಶಕ್ತಿ), ಟರ್ಬೊ ಇಲ್ಲ. ಆದರೆ ತೂಕ ಒಂಬೈನೂರು ಕಿಲೋ ಆಸುಪಾಸಿನಲ್ಲೇ ಇರುವುದರಿಂದ ಊರೊಳಗೆ ಚಿಮ್ಮುತ್ತದೆ. ಮಂಡಿಪೇಟೆಯ ಇಕ್ಕಟ್ಟಿನಲ್ಲಿ ನುಗ್ಗಲು ಇದಕ್ಕಿಂತ ಸಲೀಸಾದ ಕಾರು ಕಡಿಮೆ. ಜಗಳೂರಿನ ಮರದಡಿಯ ಗ್ಯಾರೇಜಿನಲ್ಲೂ ಇದರ ಕ್ಲಚ್ ಇಳಿಸಿ ಏರಿಸುವ ಮೇಸ್ತ್ರಿ ಸಿಗುತ್ತಾನೆ. 1.3 ಡೀಸೆಲ್ ಇಂಜಿನ್ 2020ರ ಏಪ್ರಿಲ್‌ನಲ್ಲಿ ಹೊಗೆ ನಿಯಂತ್ರಣದ ಬಿಎಸ್6 ನಿಯಮ ಬಂದಾಗ ನಿಂತುಹೋಯಿತು. ಅದು ಫಿಯೆಟ್ ಮೂಲದ್ದು; ಟರ್ಬೊ ಎಚ್ಚೆತ್ತ ಮೇಲೆ ಹೆದ್ದಾರಿಯಲ್ಲಿ ಚೆನ್ನಾಗಿ ಎಳೆಯುತ್ತದೆ. ಆದರೆ ಮಾರಾಟಕ್ಕಿರುವ ಡೀಸೆಲ್ ಸ್ವಿಫ್ಟ್‌ಗಳಲ್ಲಿ ಬಹುಪಾಲು ಚೆನ್ನಾಗಿ ದುಡಿದು ದಣಿದವು. ಸ್ವಿಫ್ಟ್‌ನ ನಿಜವಾದ ಕೊರತೆ ಬೇರೆ ಕಡೆ ಇದೆ. 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ಅದಕ್ಕೆ ಸಿಕ್ಕಿದ್ದು ಐದರಲ್ಲಿ ಎರಡು ನಕ್ಷತ್ರ. ವಾರವಾರ ಹೆದ್ದಾರಿ ಹಿಡಿಯುವವರು ಇದನ್ನು ಮರೆಯಬಾರದು.

ಬಲೆನೊ ಆರ್‌ಎಸ್ ಎಂಬುದೊಂದಿತ್ತು ಎಂಬುದೇ ಅನೇಕರಿಗೆ ಮರೆತುಹೋಗಿದೆ. ಕೊಳ್ಳುವವರಿಗೆ ಅದೇ ಲಾಭ. 2017ರ ಮಾರ್ಚ್‌ನಲ್ಲಿ 8.69 ಲಕ್ಷ ರೂಪಾಯಿಗೆ, ಅದೂ ದೆಹಲಿ ಷೋರೂಮ್ ಬೆಲೆಗೆ, ಬಿಡುಗಡೆಯಾಯಿತು; ಬಿಎಸ್6 ಬರುವ ಹೊತ್ತಿಗೆ ಕಾಣೆಯಾಯಿತು. ಒಂದು ಲೀಟರಿನ ಮೂರು ಸಿಲಿಂಡರ್ ಬೂಸ್ಟರ್‌ಜೆಟ್ ಟರ್ಬೊ, 102 ಪಿಎಸ್, 150 ನ್ಯೂಟನ್ ಮೀಟರ್ ಟಾರ್ಕ್ (ಎಳೆಯುವ ಬಲ), ಐದು ಗೇರು, ಹಿಂದಿನ ಚಕ್ರಗಳಿಗೂ ಡಿಸ್ಕ್ ಬ್ರೇಕು. ದೂರದಿಂದ ನೋಡಿದರೆ ಮದುವೆ ಮನೆಯ ಮುಂದೆ ಸಾಲಾಗಿ ನಿಲ್ಲುವ ಮಾಮೂಲಿ ಬಲೆನೊ. ಸಸ್ಪೆನ್ಷನ್, ಬಾಗಿಲು, ದೀಪ, ಎಸಿ ಎಲ್ಲಕ್ಕೂ ಬಿಡಿಭಾಗ ಇಲ್ಲೇ ಸಿಗುತ್ತದೆ. ಇಂಜಿನ್ ಮಾತ್ರ ಆಮದಿನದು. ಅದರದ್ದೇ ಆದ ಭಾಗ ಬೇಕೆಂದರೆ ಕಾಯಬೇಕು, ಬೆಲೆಯೂ ಕೈ ಸುಡುತ್ತದೆ. ಇನ್ನೊಂದು ವಿಷಯವನ್ನು ಮಾರುವವರು ತಾವಾಗಿ ಹೇಳುವುದಿಲ್ಲ. 2016ರ ಅಕ್ಟೋಬರ್‌ನಿಂದ 2019ರ ನವೆಂಬರ್‌ವರೆಗೆ ತಯಾರಾದ 7,213 ಬಲೆನೊ ಆರ್‌ಎಸ್ ಕಾರುಗಳನ್ನು 2023ರ ಏಪ್ರಿಲ್‌ನಲ್ಲಿ ಕಂಪನಿ ವಾಪಸ್ ಕರೆಯಿತು. ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪಿನಲ್ಲಿ ದೋಷವಿರಬಹುದೆಂಬ ಶಂಕೆ. ಪಂಪು ಕೈಕೊಟ್ಟರೆ ಬ್ರೇಕ್ ಪೆಡಲನ್ನು ಬಲವಾಗಿ ಒತ್ತಬೇಕಾಗುತ್ತದೆ. ಚಾಸಿ ಸಂಖ್ಯೆ ಕೊಟ್ಟು ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಕೇಳಿದರೆ ಆ ಕೆಲಸ ಆಗಿದೆಯೋ ಇಲ್ಲವೋ ಹೇಳುತ್ತಾರೆ. ಕೇಳದೆ ಮುಂಗಡ ಕೊಡಬೇಡಿ.

ಫೋಕ್ಸ್‌ವ್ಯಾಗನ್ ಪೋಲೊ ಟಿಎಸ್‌ಐ ಎಂದರೆ ಒಂದು ಹೆಸರಿನ ಎರಡು ಕಾರುಗಳು. ಬೆಲೆ ಕೇಳುವ ಮೊದಲು ಯಾವುದೆಂದು ಸ್ಪಷ್ಟ ಮಾಡಿಕೊಳ್ಳಬೇಕು. 2013ರಿಂದ ಬಂದದ್ದು 1.2 ಟರ್ಬೊ, 105 ಪಿಎಸ್, ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್. 2020ರಿಂದ ಬಂದದ್ದು 1.0 ಟರ್ಬೊ, 110 ಪಿಎಸ್, ಆರು ಗೇರಿನ ಮ್ಯಾನುವಲ್ ಅಥವಾ ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಆರು ಗೇರಿನ ಆಟೊಮ್ಯಾಟಿಕ್. ಟಾರ್ಕ್ ಎರಡಕ್ಕೂ 175 ನ್ಯೂಟನ್ ಮೀಟರ್. ಹಳೆಯ ಡಿಎಸ್‌ಜಿಯಲ್ಲಿ ಎಣ್ಣೆಯಲ್ಲಿ ಮುಳುಗದ ಎರಡು ಒಣ ಕ್ಲಚ್‌ಗಳಿವೆ. ಕಂಪ್ಯೂಟರೇ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ. ಗೇರ್ ಬದಲಾದದ್ದೇ ಗೊತ್ತಾಗುವುದಿಲ್ಲ, ಅಷ್ಟು ನಯ. ಆದರೆ ತೆವಳುವ ಟ್ರಾಫಿಕ್ಕಿನಲ್ಲಿ ಆ ಕ್ಲಚ್‌ಗಳು ಬಿಸಿಯಾಗಿ ಸವೆಯುತ್ತವೆ. ಅವನ್ನು ಆಡಿಸುವ ಮೆಕಾಟ್ರಾನಿಕ್ ಘಟಕ ಕೆಟ್ಟರೆ ಬರುವ ಬಿಲ್ಲು ಹಳೆಯ ಕಾರಿನ ಬೆಲೆಯಲ್ಲಿ ದೊಡ್ಡ ಪಾಲನ್ನೇ ನುಂಗುತ್ತದೆ. ವೈಟ್‌ಫೀಲ್ಡ್‌ನಿಂದ ಮೆಜೆಸ್ಟಿಕ್‌ವರೆಗೆ ದಿನಾ ತೆವಳಿದ ಡಿಎಸ್‌ಜಿ ಪೋಲೊ ದಾವಣಗೆರೆಗೆ ಅಗ್ಗವಾಗಿ ಬಂತೆಂದರೆ ಅಗ್ಗವಾಗಿ ಬರಲು ಕಾರಣವಿರುತ್ತದೆ. 1.0 ಮ್ಯಾನುವಲ್ ಪೋಲೊ ಬೇರೆಯೇ ಮಾತು. ಹಿರಿಯೂರಿನ ಕಡೆಯ ನೇರ ರಸ್ತೆಯಲ್ಲಿ ನೂರರ ವೇಗದಲ್ಲಿ ಅದರಷ್ಟು ಗಟ್ಟಿಯಾಗಿ ನೆಲ ಕಚ್ಚಿಕೊಂಡು ಹೋಗುವ ಸಣ್ಣ ಕಾರು ನಮ್ಮಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಏರ್‌ಬ್ಯಾಗ್ ಇರುವ ಪೋಲೊಗೆ 2014ರಲ್ಲೇ ಗ್ಲೋಬಲ್ ಎನ್‌ಕ್ಯಾಪ್ ನಾಲ್ಕು ನಕ್ಷತ್ರ ಕೊಟ್ಟಿತ್ತು. ಕಂಪನಿ ಹೇಳುವ ಮೈಲೇಜು ಲೀಟರಿಗೆ 18.24 ಕಿ.ಮೀ.; ಬಲಗಾಲು ಭಾರವಾದರೆ ಅದು ಕಾಗದದಲ್ಲೇ ಉಳಿಯುತ್ತದೆ. 2022ರಲ್ಲಿ ಪೋಲೊ ತಯಾರಿಕೆ ನಿಂತ ಮೇಲೆ ಅಭಿಮಾನಿಗಳು ಒಳ್ಳೆಯ ಕಾರುಗಳನ್ನು ಬಿಡುತ್ತಿಲ್ಲ, ಹಾಗಾಗಿ ಚೌಕಾಸಿಗೆ ಜಾಗ ಕಡಿಮೆ.

ಹ್ಯೂಂಡೈ ಐ20 ಎನ್ ಲೈನ್ 2021ರ ಸೆಪ್ಟೆಂಬರ್‌ನಲ್ಲಿ ಬಂದದ್ದು. 120 ಪಿಎಸ್ ಟರ್ಬೊ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಕಿವಿಗೆ ಹಿತವಾದ ಸೈಲೆನ್ಸರ್ ಸದ್ದು. ಮೊದಲೆರಡು ವರ್ಷ ಇದಕ್ಕೆ ಇದ್ದದ್ದು ಐಎಂಟಿ ಅಥವಾ ಡಿಸಿಟಿ (ಡಿಎಸ್‌ಜಿ ಥರದ್ದೇ ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗೇರು. ಐಎಂಟಿ ಎಂದರೆ ಗೇರನ್ನು ನೀವೇ ಹಾಕಬೇಕು, ಕ್ಲಚ್ ಪೆಡಲ್ ಮಾತ್ರ ಇರುವುದಿಲ್ಲ. ಊರೊಳಗೆ ಅನುಕೂಲ, ನಿಜ. ಆದರೆ ಹುಮ್ಮಸ್ಸಿನಿಂದ ಓಡಿಸಲೆಂದು ಹೆಚ್ಚು ದುಡ್ಡು ಕೊಟ್ಟು ಕೊಂಡ ಕಾರಿನಲ್ಲಿ ಎಡಗಾಲಿಗೆ ಕೆಲಸವಿಲ್ಲದಿರುವುದು ವಿಚಿತ್ರ. 2023ರ ಸೆಪ್ಟೆಂಬರ್‌ನಲ್ಲಿ ಐಎಂಟಿ ಹೋಗಿ ಆರು ಗೇರಿನ ಮ್ಯಾನುವಲ್ ಬಂತು. ಹುಡುಕುವುದಾದರೆ ಅದನ್ನೇ ಹುಡುಕಿ. ಈ ಪಟ್ಟಿಯ ಹೊಸ ಕಾರುಗಳಲ್ಲಿ ಅದೂ ಒಂದು, ಬೆಲೆಯೂ ದುಬಾರಿ.

ಟಾಟಾದವರ ಟಿಯಾಗೊ ಜೆಟಿಪಿ 2018ರ ಅಕ್ಟೋಬರ್‌ನಲ್ಲಿ 6.39 ಲಕ್ಷಕ್ಕೆ ಬಂದಿತ್ತು. ಕೊಯಮತ್ತೂರಿನ ಜಯಂ ಆಟೊಮೋಟಿವ್ಸ್ ಜೊತೆ ಸೇರಿ ಮಾಡಿದ್ದು. ಅಷ್ಟು ಪುಟ್ಟ ಕಾರಿಗೆ 114 ಪಿಎಸ್! ಎರಡು ವರ್ಷದೊಳಗೆ ನಿಂತೂಹೋಯಿತು. ಸಿಕ್ಕರೆ ಅಪರೂಪದ ಮಾಲು, ಆದರೆ ಅದಕ್ಕೆಂದೇ ಮಾಡಿದ ಬಂಪರು, ಸ್ಪ್ರಿಂಗುಗಳು ಮುರಿದರೆ ಪರದಾಟ. ಆಲ್ಟ್ರೋಜ್ ಐಟರ್ಬೊ ಅಷ್ಟು ಚುರುಕಲ್ಲ, ಆದರೆ ಆಲ್ಟ್ರೋಜ್‌ಗೆ ಅಪಘಾತ ಪರೀಕ್ಷೆಯಲ್ಲಿ ಐದು ನಕ್ಷತ್ರ. ಮನೆಯವರನ್ನು ಕೂರಿಸಿಕೊಂಡು ಬೆಂಗಳೂರಿಗೆ ಹೋಗಿಬರುವವರಿಗೆ ಅದು ಸಣ್ಣ ಮಾತಲ್ಲ. 2024ರಲ್ಲಿ ಬಂದ 120 ಪಿಎಸ್ಸಿನ ಆಲ್ಟ್ರೋಜ್ ರೇಸರ್ ಸೆಕೆಂಡ್ ಹ್ಯಾಂಡಿನಲ್ಲಿ ಇನ್ನೂ ವಿರಳ.

ಫೋರ್ಡ್ ಫಿಗೊ 1.5 ಡೀಸೆಲ್, 100 ಪಿಎಸ್: ಹೆದ್ದಾರಿಯಲ್ಲಿ ಗುದ್ದಿ ಎಳೆಯುವ ಕಾರು, ಕಡಿಮೆ ಬೆಲೆಗೆ ಸಿಗುತ್ತದೆ. ಕಂಪನಿ 2021ರಲ್ಲಿ ಭಾರತದಲ್ಲಿ ತಯಾರಿಕೆ ನಿಲ್ಲಿಸಿದ್ದರಿಂದಲೇ ಈ ಬೆಲೆ. ಮಾಡುವ ಮೇಸ್ತ್ರಿ ಗೊತ್ತಿದ್ದರೆ ಕೊಳ್ಳಿ, ಇಲ್ಲದಿದ್ದರೆ ಬೇಡ.

ಇನ್ನು ಅಬಾರ್ತ್ ಪುಂಟೊ. 2015ರಲ್ಲಿ ಬಂದ 145 ಕುದುರೆ ಶಕ್ತಿಯ ಆ ಕಾರಿನ ಮೇಲೆ ಮನಸ್ಸು ಬಿದ್ದವರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಫಿಯೆಟ್ 2019ರಲ್ಲೇ ಕಾರು ಮಾರುವುದನ್ನು ನಿಲ್ಲಿಸಿದೆ. ಮನೆಯಲ್ಲಿ ಇನ್ನೊಂದು ಕಾರಿದ್ದು, ಇದು ತಿಂಗಳುಗಟ್ಟಲೆ ಗ್ಯಾರೇಜಿನಲ್ಲಿ ನಿಂತರೂ ನಡೆಯುತ್ತದೆ ಎನ್ನುವವರು ಮಾತ್ರ ಮುಂದುವರಿಯಲಿ.

ಮನೆಗೆ ಇರುವುದು ಒಂದೇ ಕಾರು, ಹೆದ್ದಾರಿ ಮತ್ತು ಒಳರಸ್ತೆ ಎರಡೂ ಓಡಾಟ ಎನ್ನುವವರಿಗೆ ನನ್ನ ಆಯ್ಕೆ ಬಲೆನೊ ಆರ್‌ಎಸ್. ಹೆದ್ದಾರಿಯೇ ಹೆಚ್ಚಾದರೆ 2020ರ ನಂತರದ ಪೋಲೊ ಮ್ಯಾನುವಲ್. ತೋಟ, ಹೊಲ, ಹಳ್ಳಿಯ ಕಡೆಯೇ ಹೆಚ್ಚಾದರೆ ಸ್ವಿಫ್ಟ್ ಪೆಟ್ರೋಲ್. ಟರ್ಬೊ ಆಸೆ ಬಿಟ್ಟುಬಿಡಿ.

ಯಾರ ಕಾರು

"ಬೆಂಗಳೂರು ಗಾಡಿ, ನಲವತ್ತು ಸಾವಿರ ಅಷ್ಟೇ ಓಡಿದೆ" ಎಂದು ದಲ್ಲಾಳಿ ಹೇಳಿದ ತಕ್ಷಣ ಕೆಎ-17ರ ಎಂಬತ್ತು ಸಾವಿರದ ಕಾರು ಸಪ್ಪೆಯಾಗಿ ಕಾಣುತ್ತದೆ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಬೆಂಗಳೂರಿನಲ್ಲಿ ಗಂಟೆಗೆ ಸರಾಸರಿ 20 ಕಿಲೋಮೀಟರ್ ಎಂದು ಹಿಡಿದರೆ 40,000 ಕಿಲೋಮೀಟರಿಗೆ ಇಂಜಿನ್ ತಿರುಗಿದ್ದು 2,000 ಗಂಟೆ. ಹೆದ್ದಾರಿಯಲ್ಲಿ ಸರಾಸರಿ 60 ಎಂದು ಹಿಡಿದರೆ 80,000 ಕಿಲೋಮೀಟರಿಗೆ 1,300 ಗಂಟೆ ಚಿಲ್ಲರೆ. ಕ್ಲಚ್ ಒತ್ತಿದ ಲೆಕ್ಕ ತೆಗೆದರಂತೂ ಅಂತರ ಇನ್ನೂ ದೊಡ್ಡದು. ಹಾಗೆಂದು ನಮ್ಮ ಕಡೆಯ ಕಾರೆಲ್ಲ ಅಪರಂಜಿಯಲ್ಲ. ಅವುಗಳ ಸಸ್ಪೆನ್ಷನ್ ಉಬ್ಬುಗಳನ್ನು ಹಾರಿ ಹಾರಿ ಸೋತಿರುತ್ತದೆ. ಆದರೆ ಬುಷ್, ಲಿಂಕ್ ರಾಡ್, ಶಾಕ್ ಅಬ್ಸಾರ್ಬರ್ ಬದಲಿಸುವ ಖರ್ಚು ಟರ್ಬೊ, ಗೇರ್‌ಬಾಕ್ಸಿನ ಖರ್ಚಿನ ಹತ್ತಿರಕ್ಕೂ ಬರುವುದಿಲ್ಲ.

ಕೆಎ-19, ಕೆಎ-20 ಎಂದಿದ್ದರೆ ಕರಾವಳಿಯ ಕಾರು; ಕೆಳಗೆ ಇಣುಕಿ ತುಕ್ಕು ನೋಡಿ. ನಮ್ಮಲ್ಲಿ ತುಕ್ಕಿನ ಕಾಟ ಕಡಿಮೆ, ಧೂಳಿನದ್ದೇ ಕಾಟ. ಅದರಲ್ಲೂ ಹೊಳಲ್ಕೆರೆ, ಹೊಸದುರ್ಗದ ಗಣಿ ಸೀಮೆಯಲ್ಲಿ ಓಡಿದ ಕಾರಾದರೆ ಏರ್ ಫಿಲ್ಟರ್ ಡಬ್ಬಿಯ ಮುಚ್ಚಳ ತೆಗೆಸಿ. ಫಿಲ್ಟರಿನ ಹೊರಮೈ ಕೆಂಪಗಿರುವುದು ಸಹಜ. ಅದನ್ನು ಎತ್ತಿ ಒಳಭಾಗವನ್ನು, ಎಂದರೆ ಇಂಜಿನ್ನಿನ ಕಡೆಯ ಗೋಡೆಯನ್ನು, ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಕೆಂಪಾದರೆ ಧೂಳು ಫಿಲ್ಟರ್ ದಾಟಿದೆ. ಟರ್ಬೊದ ಪುಟ್ಟ ರೆಕ್ಕೆಗಳು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತವೆ. ಆ ವೇಗದಲ್ಲಿ ಮರಳಿನ ಕಣ ಬಡಿದರೆ ಅಂಚು ಸವೆಯುತ್ತದೆ. ಅಂಥ ಕಾರನ್ನು ಅಲ್ಲೇ ಬಿಟ್ಟು ಬನ್ನಿ.

"ಡಾಕ್ಟರ್ ಓಡಿಸಿದ ಗಾಡಿ" ಎಂಬ ಮಾತಿಗೂ ಬೆಲೆ ಕೊಡಬೇಡಿ. ಎರಡು ವೈದ್ಯಕೀಯ ಕಾಲೇಜುಗಳಿರುವ ದಾವಣಗೆರೆಯಲ್ಲಿ ಡಾಕ್ಟರುಗಳಿಗೆ ಬರವಿಲ್ಲ, ಡಾಕ್ಟರಾಗಲಿರುವ ಹುಡುಗರಿಗೂ ಬರವಿಲ್ಲ. ಮಾಲೀಕರನ್ನೇ ನೇರವಾಗಿ ಭೇಟಿಯಾಗಿ. ಆಯಿಲ್ ಯಾವಾಗ ಬದಲಿಸಿದ್ದು, ಯಾವ ದರ್ಜೆಯದು ಎಂದು ಕೇಳಿ. ಚುರುಕು ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರು ಇದಕ್ಕೆ ಉತ್ತರಿಸಲು ತಡವರಿಸುವುದಿಲ್ಲ, ಕೇಳದಿದ್ದುದನ್ನೂ ಹೇಳುತ್ತಾರೆ. ಸೈಲೆನ್ಸರ್ ಬದಲಿಸಿದ್ದರೆ, ಶಕ್ತಿ ಹೆಚ್ಚಿಸಲೆಂದು ಇಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿ ರೀಮ್ಯಾಪ್ ಮಾಡಿಸಿದ್ದರೆ, ಅದಕ್ಕೆಂದು ಹೆಚ್ಚು ಬೆಲೆ ಕೇಳುತ್ತಾರೆ. ನೀವು ಕಡಿಮೆ ಕೊಡಬೇಕಾದ ಕಾರಣವೇ ಅದು.

ನೋಡಲು ಹೋದಾಗ

ಬೆಳಿಗ್ಗೆ ಹೋಗಿ. ಮೊದಲು ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಯಾರೋ ಸ್ಟಾರ್ಟ್ ಮಾಡಿದ್ದಾರೆ, ಇನ್ನೊಂದು ದಿನ ಬರುತ್ತೇನೆ ಎನ್ನಿ. ತಣ್ಣಗಿನ ಇಂಜಿನ್ ಸ್ಟಾರ್ಟ್ ಆದಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಾನೆಟ್ ಎತ್ತಿ ಮಡ್‌ಗಾರ್ಡ್ ಕೂರಿಸಿದ ಬೋಲ್ಟುಗಳ ತಲೆ ನೋಡಿ. ಫ್ಯಾಕ್ಟರಿಯಲ್ಲಿ ಬಿಗಿದು ಬಣ್ಣ ಹೊಡೆದದ್ದಾದರೆ ಬಣ್ಣ ಅಖಂಡವಾಗಿರುತ್ತದೆ. ಸ್ಪ್ಯಾನರ್ ತಾಗಿದ್ದರೆ ಮೂಲೆಯಲ್ಲಿ ಬಣ್ಣ ಎದ್ದಿರುತ್ತದೆ. ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿ ಗುಂಡಿಯ ತಗಡು ನೋಡಿ, ಅಲ್ಲಿ ಸುಕ್ಕಿದ್ದರೆ ಹಿಂದಿನಿಂದ ಗುದ್ದಿಸಿಕೊಂಡ ಕಾರು. ಟೈರಿನ ಪಕ್ಕದ ಮೇಲೆ ಅಚ್ಚಾದ ಸಂಕೇತದ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ: 2319 ಎಂದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಟೈರಿನ ಗೀರುಗಳು ಇನ್ನೂ ಆಳವಾಗಿದ್ದರೂ ಚಿತ್ರದುರ್ಗದ ಬಿಸಿಲಿಗೆ ಆರೇಳು ವರ್ಷದ ರಬ್ಬರು ಗಡುಸಾಗಿ ಬಿರಿದಿರುತ್ತದೆ.

ಓಡಿಸುವಾಗ ಎರಡು ಪರೀಕ್ಷೆ ಸಾಕು. ನಾಲ್ಕನೆಯ ಗೇರಿನಲ್ಲಿ ನಲವತ್ತರ ವೇಗದಲ್ಲಿದ್ದು ಆಕ್ಸಿಲರೇಟರನ್ನು ಪೂರ್ತಿ ಒತ್ತಿ. ಇಂಜಿನ್ ಸುತ್ತು ಮಾತ್ರ ಜಿಗಿದು ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಆಮೇಲೆ ಸಂಗೀತ, ಎಸಿ ಎರಡನ್ನೂ ಆರಿಸಿ, ಕಿಟಕಿ ಇಳಿಸಿ ನಿಧಾನವಾಗಿ ಉಬ್ಬು ಹತ್ತಿಸಿ. ಮುಂದಿನ ಚಕ್ರದಿಂದ ಲೊಟಲೊಟ ಸದ್ದು ಬಂತೇ ಕೇಳಿ.

ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ, ಮೊಬೈಲಿಗೆ ಜೋಡಿಸುವ ಅಗ್ಗದ ಓಬಿಡಿ ಸ್ಕ್ಯಾನರ್ ಒಯ್ದರೆ ಇನ್ನೂ ಒಳ್ಳೆಯದು. ದೋಷ ಸಂಕೇತಗಳು ಏನೂ ಇಲ್ಲ ಎಂದು ತೋರಿಸಿದರೆ ಖುಷಿಪಡಬೇಡಿ. ಅದೇ ಆ್ಯಪಿನಲ್ಲಿ 'ರೆಡಿನೆಸ್' ಎಂಬ ಪುಟ ತೆರೆಯಿರಿ. ಕಾರು ತನ್ನನ್ನು ತಾನು ಪರೀಕ್ಷಿಸಿಕೊಂಡ ದಾಖಲೆ ಅದು. ಹಲವು ಪರೀಕ್ಷೆಗಳು ಅಪೂರ್ಣ ಎಂದು ಬಂದರೆ ಇತ್ತೀಚೆಗೆ ಯಾರೋ ಸಂಕೇತಗಳನ್ನು ಅಳಿಸಿದ್ದಾರೆ ಇಲ್ಲವೇ ಬ್ಯಾಟರಿ ಕಳಚಿದ್ದಾರೆ. ಯಾಕೆ ಎಂದು ಕೇಳುವ ಹಕ್ಕು ನಿಮ್ಮದು.

ಕಾಗದಪತ್ರ

ರಾಜ್ಯದೊಳಗಿನ ಕಾರಾದರೆ ನಂಬರ್ ಬದಲಾಗುವುದಿಲ್ಲ, ರಸ್ತೆ ತೆರಿಗೆ ಮತ್ತೆ ಕಟ್ಟಬೇಕಿಲ್ಲ. ಹೊರರಾಜ್ಯದ ಕಾರಾದರೆ ಅಲ್ಲಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಇಲ್ಲಿ ಮರುನೋಂದಣಿ ಮಾಡಿಸಬೇಕು, ಕಾರಿನ ವಯಸ್ಸಿಗೆ ತಕ್ಕಂತೆ ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ದೆಹಲಿಯಿಂದ ಬರುವ ಡೀಸೆಲ್ ಕಾರು ಎಷ್ಟು ಅಗ್ಗವೆಂದು ಕಂಡರೂ ಈ ತೆರಿಗೆ ಕೂಡಿಸಿದ ಮೇಲೆ ಮತ್ತೊಮ್ಮೆ ನೋಡಿ.

ಮಾಲೀಕತ್ವ ವರ್ಗಾವಣೆಯ ಫಾರಂ 29, ಫಾರಂ 30ಕ್ಕೆ ಸಹಿ ಆಗಬೇಕು. ಸಾಲದ ಮೇಲಿದ್ದ ಕಾರಾದರೆ ಬ್ಯಾಂಕಿನ ಪತ್ರದೊಂದಿಗೆ ಫಾರಂ 35 ಕೊಟ್ಟು ಆರ್‌ಸಿಯಿಂದ ಅಡಮಾನ ತೆಗೆಸಿರಬೇಕು. ಕೊಂಡವರು ಮೂವತ್ತು ದಿನದೊಳಗೆ ಆರ್‌ಟಿಒ ಕಚೇರಿಗೆ ವರ್ಗಾವಣೆಯ ಅರ್ಜಿ ಕೊಡಬೇಕು. ವಿಮೆಗೆ ಅಷ್ಟು ಕಾಯುವ ಹಾಗಿಲ್ಲ, ಹದಿನಾಲ್ಕು ದಿನದೊಳಗೆ ಹೆಸರು ಬದಲಿಸಲು ಅರ್ಜಿ ಹೋಗಬೇಕು. ಥರ್ಡ್ ಪಾರ್ಟಿ ವಿಮೆ ತಾನಾಗಿ ನಿಮ್ಮದಾಗುತ್ತದೆ. ನಿಮ್ಮ ಕಾರಿಗೇ ಆಗುವ ಹಾನಿಯ ವಿಮೆ ಹಾಗಲ್ಲ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ವಿಮೆ ಹಣ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ) ಅವರ ಜೊತೆಗೇ ಹೋಗುತ್ತದೆ, ಅದರ ವ್ಯತ್ಯಾಸದ ಹಣವನ್ನು ವಿಮಾ ಕಂಪನಿ ನಿಮ್ಮಿಂದ ಕೇಳುತ್ತದೆ. ಬಾಕಿ ದಂಡದ ಪಟ್ಟಿಯನ್ನು ನಂಬರ್ ಹಾಕಿ ನೋಡಿಕೊಳ್ಳಿ. ಚುರುಕು ಕಾರಿಗೆ ವೇಗದ ದಂಡ ಒಂದಾದರೂ ಇಲ್ಲದಿದ್ದರೆ ನನಗಂತೂ ಆಶ್ಚರ್ಯ. ಹತ್ತಾರು ಇದ್ದರೆ ಹಿಂದಿನವರ ಬಲಗಾಲು ಎಂಥದೆಂದು ಪೊಲೀಸರೇ ಬರೆದಿಟ್ಟಿದ್ದಾರೆ.

ಬೆಲೆ ಮಾತಾಡುವ ಮುನ್ನ ಎರಡು ಕೀಲಿಗಳನ್ನೂ ಮೇಜಿನ ಮೇಲೆ ಇಡಿಸಿ. ಒಂದೇ ಇದೆ ಎಂದರೆ, ಕಾರು ಗುರುತಿಸುವ ಕೀಲಿಗೆ ಮಾತ್ರ ಇಂಜಿನ್ ಬಿಡುವ ಇಮ್ಮೊಬಿಲೈಸರ್ ಇರುವ ಕಾರುಗಳಾದ್ದರಿಂದ ರಸ್ತೆಬದಿಯಲ್ಲಿ ಕೀಲಿ ಕಡಿಸಿದರೆ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ಕಾರಿನ ಕಂಪ್ಯೂಟರಿಗೆ ಹೊಂದಿಸಿ ಕೊಡುವ ಕಡೆಯಲ್ಲೇ ಮಾಡಿಸಬೇಕು. ಆ ಖರ್ಚು, ಟೈರಿನ ಖರ್ಚು, ಕ್ಲಚ್ಚಿನ ಖರ್ಚು ಮೂರನ್ನೂ ಸರ್ವಿಸ್ ಸೆಂಟರಿನಲ್ಲಿ ಮೊದಲೇ ವಿಚಾರಿಸಿ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಬೇಕಾದದ್ದನ್ನು ಬೆಲೆಯಲ್ಲಿ ಕಳೆಯಿರಿ.